ಕಡುಬಿನ ಪಾತ್ರೆ ಹೊತ್ತು ಮಿಷಿನ್ನು ಹುಡುಕಿದ ಮಾವ

ಎಡ ಕಂಕುಳಲ್ಲಿ ಒಂದು ಕಾಫಿ ಚೀಲ, ಚೀಲದ ಬಾಯಿಂದ ಇಣುಕುವ ಪಾತ್ರೆಯ ಕಂಠ, ಆ ಕಂಠದ ಸುತ್ತ ಒಣಗಿ ಬಿಳಿಚಿಕೊಂಡ ಅಕ್ಕಿತರಿಯ ಹಕ್ಕಳೆ. ನಮ್ಮ ಮಾವನನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಇದೇ. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಗರಿಗರಿ ಪಂಚೆ, ಕೈಗೆ ವಾಚು, ಎಲ್ಲವೂ ಮದುವೆಮನೆಗೆ ಹೊರಟವರ ಹಾಗೆ. ಕಂಕುಳಲ್ಲಿ ಮಾತ್ರ ಮುಸುರೆ ಪಾತ್ರೆ. ಒಂದು ದಿನ ಹಾಸನದ ದೊಡ್ಡ ಅಂಗಡಿಯೊಂದರ ಗಾಜಿನ ಬಾಗಿಲನ್ನು ಹಾಗೆಯೇ ತಳ್ಳಿಕೊಂಡು ಒಳಗೆ ಹೋದರು. ಹಿಂದೆ ನಾನು, ಪರಿಚಯದವರು ಯಾರಾದರೂ ಕಂಡಾರೆಂದು ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು.

ಅಂಗಡಿಯವನು ನಗುನಗುತ್ತ ಡಿಶ್‌ವಾಷರಿನ ಬಾಗಿಲು ತೆರೆದು, ಒಳಗೆ ಸಾಲಾಗಿ ಜೋಡಿಸಿಟ್ಟ ಗಾಜಿನ ಲೋಟಗಳನ್ನು ತೋರಿಸಿದ.

"ನೋಡಿ ಸಾರ್, ಹೆಂಗೆ ಪಳಪಳ ಅಂತೈತೆ."

"ತೊಳ್ದಿರೋ ಲೋಟ ಇಟ್ಕಂಡು ಪಳಪಳ ಅಂದ್ರೆ ಹೆಂಗಪ್ಪಾ?" ಎಂದು ಮಾವ ಚೀಲದಿಂದ ಪಾತ್ರೆ ತೆಗೆದು ಅವನ ಮೇಜಿನ ಮೇಲೆ ಇಟ್ಟರು. "ತಗೋ, ಇದನ್ನ ತೊಳ್ದು ತೋರ್ಸು."

"ಅಯ್ಯೋ ಸಾರ್, ಇಲ್ಲಿ ನಲ್ಲಿ ಕನೆಕ್ಷನ್ ಇಲ್ಲ. ಇದು ಬರೀ ನೋಡೋಕೆ ಇಟ್ಟಿರೋದು."

"ಎತ್ತು ಕೊಳ್ಳೋಕೆ ಬಂದೋನಿಗೆ ಎತ್ತಿನ ಫೋಟೋ ತೋರ್ಸಿದ ಹಂಗಾಯ್ತು ಕಣಯ್ಯ" ಎಂದವರೇ ಪಾತ್ರೆಯನ್ನು ಚೀಲಕ್ಕೆ ಸೇರಿಸಿಕೊಂಡು ಹೊರಟರು. ಅಂಗಡಿಯಲ್ಲಿ ಫ್ರಿಜ್ಜು ನೋಡುತ್ತಿದ್ದವರು, ಟೀವಿ ನೋಡುತ್ತಿದ್ದವರು ಎಲ್ಲ ತಿರುಗಿ ನಮ್ಮನ್ನೇ ನೋಡಿದರು. ನಾನು ಜೀಪು ಹತ್ತಿ ಕೂತು ಹಾಸನ ದಾಟುವ ತನಕ ಅವರ ಜೊತೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೇ ಆಗಲಿಲ್ಲ, ದಾರಿಯುದ್ದಕ್ಕೂ ಅಂಗಡಿಯವನ ಅವಿವೇಕದ ಬಗ್ಗೆ ಹೇಳುತ್ತಲೇ ಇದ್ದರು.

ಇದೆಲ್ಲ ಶುರುವಾದದ್ದು ನನ್ನ ಕೈಯಿಂದ. ಮದುವೆಯಾಗಿ ಆಲೂರು ಕಡೆಯಿಂದ ಹೆತ್ತೂರಿನ ಹತ್ತಿರದ ಈ ಮನೆಗೆ ಬಂದ ಮೇಲೆ ವರ್ಷ ವರ್ಷವೂ ಮಳೆಗಾಲದಲ್ಲಿ ನನ್ನ ಕೈ ಒಡೆಯುತ್ತಿತ್ತು. ಮೊದಮೊದಲು ಬರೀ ನವೆ. ಆಮೇಲೆ ಬೆರಳ ಸಂದಿಗಳಲ್ಲಿ ಸೀಳು, ಸೀಳಿನಲ್ಲಿ ರಕ್ತ. ಸೋಪು ತಾಗಿದರೆ ಉರಿ, ಹುಣಸೆಹುಳಿ ಕಿವುಚಿದರೆ ಕಣ್ಣಲ್ಲಿ ನೀರು. ಮನೆಗೆಲಸಕ್ಕೆ ಬರುತ್ತಿದ್ದಾಕೆ ಮಗಳ ಬಾಣಂತನಕ್ಕೆಂದು ಹೋದವಳು ಅಲ್ಲೇ ನಿಂತುಬಿಟ್ಟಳು. ನಮ್ಮ ಕಾಫಿ ತೋಟದ ಕೂಲಿಯವರ ಮನೆಸಾಲಿಗೆ ಲೈನು ಎನ್ನುತ್ತೇವೆ, ಆ ಲೈನಿನ ಹೆಂಗಸರಿಗೆ ತೋಟದ ಕೆಲಸವೇ ಆಗುವುದು, ಪಾತ್ರೆ ಉಜ್ಜಲು ಯಾರು ಬರುತ್ತಾರೆ? ಆ ವರ್ಷ ಮಳೆ ನಿಂತ ಮೇಲೂ ಸೀಳು ಮಾಯಲಿಲ್ಲ. ಕೊನೆಗೆ ಸಕಲೇಶಪುರದ ಡಾಕ್ಟರು ನನ್ನ ಕೈ ತಿರುಗಿಸಿ ಮುರುಗಿಸಿ ನೋಡಿ, "ಸೋಪು, ನೀರು ಎರಡೂ ಬಿಡಿ. ಇಲ್ಲದಿದ್ದರೆ ಈ ಕೈ ವಾಸಿಯಾಗೋಲ್ಲ" ಎಂದುಬಿಟ್ಟರು.

ಆವತ್ತು ಸಂಜೆಯೇ ನನ್ನ ಗಂಡ ಫೋನಿನಲ್ಲಿ ಒಂದು ಡಿಶ್‌ವಾಷರಿನ ಚಿತ್ರ ತೋರಿಸಿದರು. "ಇದು ಚೆನ್ನಾಗೈತಂತೆ. ಒತ್ತಿದ್ರೆ ವಾರದಲ್ಲಿ ಬರ್ತದೆ. ಒತ್ಲಾ?" ನಾನು ಒತ್ತಿ ಎನ್ನುವಷ್ಟರಲ್ಲಿ ಮಾವ ಕನ್ನಡಕ ಏರಿಸಿಕೊಂಡು ಬಂದರು.

"ತಡ್ಯೋ. ಹೊಸದನ್ನ ಹೊಗಳೋರು ನೂರು ಜನ ಸಿಕ್ತಾರೆ. ಹಳೇದಾದ ಮೇಲೂ ಬೈಯದೋನು ಒಬ್ನಿದ್ರೆ, ಅವನನ್ನ ಕೇಳಿ ತಗೋಬೇಕು."

ಮಾವ ಯಾವುದೇ ಸಾಮಾನು ಕೊಳ್ಳುವಾಗಲೂ ಹೇಳುತ್ತಿದ್ದ ಮಾತು ಇದು. ಟಾರ್ಚು ಕೊಳ್ಳಲಿ, ಮೋಟಾರು ಕೊಳ್ಳಲಿ, ಅಳೆದು ಸುರಿದು ಮುಗಿಯುತ್ತಿರಲಿಲ್ಲ. ಇಂಥವರ ಸ್ಟೋರಿನ ಮೂಲೆಯಲ್ಲಿ ಮಾತ್ರ ಕೆಟ್ಟು ನಿಂತ ಹಳೇ ಗ್ರೈಂಡರೊಂದು ನಾನು ಮದುವೆಯಾಗಿ ಬಂದಾಗಿನಿಂದ ಕೂತಿತ್ತು. ಗುಜರಿಯವನಿಗೆ ಹಾಕೋಣವೆಂದು ಎಷ್ಟು ಸಲ ಕೇಳಿದರೂ "ಇರ್ಲಿ ಬಿಡವ್ವ" ಎನ್ನುತ್ತಿದ್ದರು. ಬಳಸುವುದೂ ಇಲ್ಲ, ಬಿಸಾಡುವುದೂ ಇಲ್ಲ. ಮೆಣಸಿನ ಚೀಲ ಸರಿಸುವಾಗಲೆಲ್ಲ ಅದಕ್ಕೆ ಕಾಲು ತಾಗಿಸಿಕೊಂಡು ನಾನು ಗೊಣಗುತ್ತಿದ್ದೆ.

ಅಂಗಡಿ ಕೆಲಸಕ್ಕೆ ಬರದೆ ಹೋದದ್ದರಿಂದ ಮಾವ ಈಗಾಗಲೇ ಮಿಷಿನ್ನು ಇಟ್ಟುಕೊಂಡವರ ಮನೆಗಳಿಗೆ ಹೊರಟರು. ಜೊತೆಗೆ ನಾನೂ ಹೋಗಬೇಕು, ಯಾಕೆಂದರೆ "ದಿನಾ ಅದರ ಮುಂದೆ ನಿಲ್ಲೋಳು ನೀನು." ಕಾಫಿ ಚೀಲದಲ್ಲಿ ಆ ಪಾತ್ರೆಯೂ ಬರಬೇಕು. ಕಡುಬಿಗೆ ಅಕ್ಕಿತರಿ ಬೇಯಿಸಿದ ಪಾತ್ರೆಯ ತಳ ಹೇಗೆ ಕಚ್ಚಿಕೊಂಡಿರುತ್ತದೆಂದು ಈ ಕಡೆಯ ಹೆಂಗಸರಿಗೆಲ್ಲ ಗೊತ್ತು. ಅದನ್ನು ಬಿಡಿಸುವ ಮಿಷಿನ್ನು ಮಿಕ್ಕಿದ್ದನ್ನೆಲ್ಲ ಬಿಡಿಸುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ನೆಂಟರ ಮನೆಗೆ ಹೋಗುವಾಗ ಯಾರಾದರೂ ಹಣ್ಣು ಹೂವು ಒಯ್ಯುತ್ತಾರೆ, ಇವರು ಮುಸುರೆ ಪಾತ್ರೆ ಒಯ್ಯುತ್ತಿದ್ದರು. ಮನೆಯವರು ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು ನಿಂತರೆ, ಇವರು ಮೊದಲು ಚೀಲ ಕೊಡುತ್ತಿದ್ದರು.

ಕಂಪನಿಗಳ ಹೆಸರು ಅವರ ಬಾಯಿಗೆ ಹತ್ತಲಿಲ್ಲ. ಎಲ್ಲಿ ನೋಡಿದರೋ ಆ ಊರಿನ ಹೆಸರೇ ಮಿಷಿನ್ನಿಗೆ. ಯಸಳೂರು ಮಿಷಿನ್ನು ತಳದ ಹಕ್ಕಳೆ ಬಿಡಿಸಿತು, ಆದರೆ ಅದರ ಬಾಗಿಲ ರಬ್ಬರನ್ನು ಇಲಿ ಕಡಿದಿತ್ತು. ಆಲೂರು ಮಿಷಿನ್ನಿನ ಮಾತೇ ಬೇಡ, ಅದು ನನ್ನ ತವರಿನ ಪಕ್ಕದ ಮನೆಯಲ್ಲೇ ಇತ್ತು. ಮಾವ ಅಲ್ಲಿ ಪಾತ್ರೆ ಬಿಚ್ಚಿದ ಸುದ್ದಿ ನಾವು ಕಾಫಿ ಕುಡಿದು ಏಳುವ ಮೊದಲೇ ನನ್ನ ಅಮ್ಮನಿಗೆ ಮುಟ್ಟಿತು. "ಏನೇ, ನಿಮ್ಮನೇಲಿ ಪಾತ್ರೆ ತೊಳ್ಯೋರಿಲ್ಲ ಅಂತ ನಿಮ್ಮಾವ ಊರೂರಿಗೆ ಹೊತ್ಕಂಡು ತಿರುಗ್ತಾವ್ರಂತೆ?" ಎಂದು ಅಮ್ಮ ಫೋನು ಮಾಡಿ ಅತ್ತರು. ಸಮಾಧಾನ ಮಾಡಿ ಮಾಡಿ ನನಗೆ ಸಾಕಾಯಿತು.

ಹೆಗ್ಗದ್ದೆಯಲ್ಲಿ ಮಾವನ ತಂಗಿಯ ಮನೆ. ಆಕೆಯ ಬಾಯಿಗೆ ಹೆದರದವರು ನಮ್ಮ ನೆಂಟರಲ್ಲಿ ಯಾರೂ ಇರಲಿಲ್ಲ. ಅಲ್ಲಿ ಪಾತ್ರೆಯನ್ನು ಮಿಷಿನ್ನಿಗೆ ಹಾಕಿ ಎಲ್ಲರೂ ಸುತ್ತ ಕೂತೆವು. ಆಕೆ ಅಣ್ಣನಿಗೆ ರೊಟ್ಟಿ ಬಡಿಸುತ್ತಲೇ ನನ್ನ ಕಡೆ ತಿರುಗಿದರು.

"ನಮ್ಗೆ ಈ ಮಿಷಿನ್ನು ಮಗ ತಂದಿಟ್ಟ ಅಂತ ಐತೆ. ನಾವೇನು ಕೇಳಿ ತರಿಸ್ಕಂಡೋರಲ್ಲ. ನಮ್ ಕಾಲದಾಗೆ ನಮ್ಗೆ ಕೈ ಇರ್ಲಿಲ್ವಾ? ಈಗಿನೋರಿಗೆ ಪಾತ್ರೆ ಕಂಡ್ರೇ ಜ್ವರ ಬರ್ತದೆ."

ಕೈಯಲ್ಲಿದ್ದ ತುತ್ತನ್ನು ನಾನು ತಟ್ಟೆಗೇ ಹಾಕಿದೆ. ಮಾವ ಊಟ ಮಾಡುವಾಗ ಮಾತಾಡುವವರಲ್ಲ. ಆವತ್ತು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಕೈ ತೋರ್ಸವ್ವ" ಎಂದರು. ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. "ತೋರ್ಸು ಅಂದೆ." ತೋರಿಸಿದೆ. ಮುಲಾಮು ಮೆತ್ತಿದ, ಸೀಳು ಸೀಳಾದ ಆ ಕೈಗಳನ್ನು ಆಕೆ ನೋಡಿದರು. "ಈಗ ಮಾತಾಡು" ಎಂದರು ಮಾವ ತಂಗಿಗೆ. ಆಕೆ ಒಳಗೆ ಹೋಗಿ ತುಪ್ಪ ತಂದು ನನ್ನ ತಟ್ಟೆಗೆ ಸುರಿದರು.

ಇಷ್ಟಾದ ಮೇಲಾದರೂ ಆ ಹೆಗ್ಗದ್ದೆ ಮಿಷಿನ್ನೇ ಆಗಲಿ ಎಂದರೇ? ಇಲ್ಲ. ಹೊರಬಂದ ಪಾತ್ರೆಯನ್ನು ಅಂಗಳದ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, "ಪರವಾಗಿಲ್ಲ, ನೋಡಾನ" ಎಂದರು. ಆ 'ನೋಡಾನ' ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದು ನನ್ನ ಗಂಡ ಮೊದಲ ದಿನ ಫೋನಿನಲ್ಲಿ ತೋರಿಸಿದ ಮಿಷಿನ್ನೇ ಆಗಿತ್ತು.

ಅಲ್ಲಿಯ ತನಕ ಮನೆಯ ಪಾತ್ರೆ ತೊಳೆದವರು ಯಾರೆಂದು ಕೇಳುತ್ತೀರಾ? ಮಾವನೇ. ಡಾಕ್ಟರ ಮಾತು ಕೇಳಿದ ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋದರೆ, ಪಾತ್ರೆ ತೊಳೆಯುವ ಕಲ್ಲಿನ ಮುಂದೆ ಮಣೆ ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ ಕೂತಿದ್ದರು. ನಾನು ಬೇಡವೆಂದು ಗೋಗರೆದೆ. ನನ್ನ ಗಂಡ ತಾವು ತೊಳೆಯುತ್ತೇನೆ ಎಂದರು. "ನೀನು ತೋಟಕ್ಕೆ ಹೋಗು, ನಂಗೇನು ಕೆಲಸ ಐತೆ" ಎಂದು ಅವರನ್ನು ಅಟ್ಟಿದರು. ಎಸ್ಟೇಟಿನ ರೈಟರು ಕೂಲಿಯವರ ಹಾಜರಿ ಹೇಳಲು ಬಂದರೆ ಸೋಪಿನ ನೊರೆಯ ಕೈಯಲ್ಲೇ ಕೇಳಿಸಿಕೊಳ್ಳುತ್ತಿದ್ದರು. ಲೈನಿನ ಹೆಂಗಸರು ಬೇಲಿಯಾಚೆ ನಿಂತು ನೋಡಿ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅವರು ಬೈದದ್ದು ಮಾವನನ್ನಲ್ಲ, ನನ್ನನ್ನು.

ತೊಳೆಯುವುದಾದರೂ ಸರಿಯಾಗಿ ಬರುತ್ತಿತ್ತೇ? ಒಂದೊಂದು ಲೋಟಕ್ಕೂ ಕಾಫಿ ಹಣ್ಣು ಆರಿಸುವಷ್ಟು ಹೊತ್ತು. ಒಳಗೆ ಉಜ್ಜಿ ಉಜ್ಜಿ ಕನ್ನಡಿ ಮಾಡುತ್ತಿದ್ದರು, ಆದರೆ ಕಂಠದ ಹೊರಗೆ ಅಂಚು ಮಡಿಚಿದ ಸಂದಿಗೆ ಅವರ ಬೆರಳು ಎಂದೂ ಹೋಗಲಿಲ್ಲ. ಪ್ರತಿ ಪಾತ್ರೆಯ ಕಂಠದ ಕೆಳಗೂ ಒಂದು ಬಿಳಿ ಗೆರೆ ಉಳಿಯುತ್ತಿತ್ತು. ಮೊದಲು ಮೆಲ್ಲಗೆ ಹೇಳಿದೆ, ಆಮೇಲೆ ಗಟ್ಟಿಯಾಗಿ ಹೇಳಿದೆ. "ಕಂಠ ಉಜ್ಜಿ ಮಾವ, ಕಂಠ!" ಎಂದರೆ "ಉಜ್ಜಿದೀನಲ್ಲವ್ವ" ಎಂದು ಒಳಮೈ ತೋರಿಸುವರು. ನಾನು ಮತ್ತೆ ತೊಳೆಯುವಂತಿಲ್ಲ, ಹಾಗೇ ಬಳಸಲು ಮನಸ್ಸಿಲ್ಲ. ಹೀಗೆ ಬೇಸಿಗೆ ಕಳೆದು ಮಳೆಗಾಲ ಬಂತು. ಆಷಾಢದಲ್ಲಿ, ನಾನು ಬರುವ ಮೊದಲೇ ತೀರಿಕೊಂಡಿದ್ದ ಅತ್ತೆಯ ವರ್ಷಾವರ್ಷದ ತಿಥಿ. ಅಟ್ಟದಿಂದ ದೊಡ್ಡ ಕಡುಬಿನ ಪಾತ್ರೆ ಇಳಿಸಿ ನೆಂಟರಿಗೆಲ್ಲ ಅಡಿಗೆ ಮಾಡಿದೆವು. ಎಲ್ಲರೂ ಹೋದ ಮೇಲೆ ಆ ಪಾತ್ರೆಯನ್ನೂ ಮಾವನೇ ತೊಳೆದು, ಒರೆಸಿ, ತಾವೇ ಅಟ್ಟಕ್ಕೆ ಏರಿಸಿದರು. ಅವರ ಬೆರಳ ತುದಿಗಳು ನೀರಿಗೆ ನೆಂದು ಸುಕ್ಕುಗಟ್ಟಿದ್ದವು. ನೋಡಿ ನನಗೆ ಅಳು ಬಂತು, ಜೊತೆಗೇ ಸಿಟ್ಟೂ ಬಂತು. ಒಂದು ಮಿಷಿನ್ನು ತಂದುಬಿಟ್ಟರೆ ಇಬ್ಬರ ಕೈಯೂ ಉಳಿಯುತ್ತಿತ್ತಲ್ಲ!

ತಿಥಿ ಕಳೆದು ಮಳೆ ಇನ್ನೂ ಜೋರಾದ ಮೇಲೆ ಮಾವ ಕೊನೆಯ ಪರೀಕ್ಷೆ ಇಟ್ಟರು. ಅದನ್ನು ಅವರು ನನಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ನೋಡಿಬಂದ ಮೂರೂ ಕಂಪನಿಗಳ ರಿಪೇರಿ ನಂಬರಿಗೆ ಫೋನು ಮಾಡಿ, ನಮ್ಮ ಮಿಷಿನ್ನು ಕೆಟ್ಟಿದೆ, ಬಂದು ನೋಡಿ ಎಂದರು. ಒಬ್ಬರು ಮಿಷಿನ್ನಿನ ನಂಬರು ಕೇಳಿದ್ದಕ್ಕೆ "ಕನ್ನಡಕ ಸಿಗ್ತಿಲ್ಲಪ್ಪ, ನೀವೇ ಬಂದು ನೋಡ್ಕಳಿ" ಎಂದರಂತೆ. ಇಬ್ಬರು ನಾಳೆ ನಾಡಿದ್ದು ಎನ್ನುತ್ತ ಬರಲೇ ಇಲ್ಲ. ಒಬ್ಬ ಬಂದ.

ಹೆತ್ತೂರಿನ ಮಳೆ ಎಂದರೆ ನಾನು ವಿವರಿಸುವುದು ಬೇಡ. ರೇನ್‌ಕೋಟಿನೊಳಗೂ ನೀರು ಇಳಿದು, ಮಂಡಿಯ ತನಕ ಕೆಸರು ಮೆತ್ತಿಕೊಂಡು, ಟೂಲ್ ಬ್ಯಾಗನ್ನು ಹೊಟ್ಟೆಗೆ ಅವಚಿಕೊಂಡು ಜಗಲಿಗೆ ಬಂದು ನಿಂತ.

"ಡಿಶ್‌ವಾಷರ್ ಕಂಪ್ಲೇಂಟು. ಎಲ್ಲೈತೆ ಮೇಡಂ ಮಿಷಿನ್ನು?"

ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಮಾವ ಒಳಗಿನಿಂದ ಟವೆಲು ಹಿಡಿದು ಬಂದರು. "ಮೊದ್ಲು ತಲೆ ಒರೆಸ್ಕ ಮಾರಾಯ, ಶೀತ ಆಗ್ಬುಡ್ತದೆ." ಕಾಫಿ ಕೊಡಿಸಿದರು. ಕೂರಿಸಿ ಬಿಸಿ ಕಡುಬು, ಕೋಳಿ ಸಾರು ಹಾಕಿಸಿದರು. ಅವನು ನಡುನಡುವೆ ಮಿಷಿನ್ನು ಕೇಳಿದಾಗಲೆಲ್ಲ "ಉಣ್ಣು, ಉಣ್ಣು" ಎಂದರು. ಕೈ ತೊಳೆದ ಮೇಲೆ ಅವನು ಬ್ಯಾಗು ಎತ್ತಿಕೊಂಡು ಎದ್ದು ನಿಂತ.

"ಈಗ ತೋರ್ಸಿ ಸಾರ್."

"ಮಿಷಿನ್ನಿಲ್ಲ ಕಣಪ್ಪ. ಇನ್ನು ತಗೋಬೇಕು."

ಅವನು ಮಾವನ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಅಡಿಗೆಮನೆ ಬಾಗಿಲ ಹಿಂದಕ್ಕೆ ಸರಿದೆ.

"ಏನ್ ಸಾರ್, ತಮಾಷೆನಾ? ದಾರೀಲಿ ಮರ ಬಿದ್ದೈತೆ. ಬೈಕು ದಬ್ಕಂಡು ಬಂದಿದೀನಿ. ಇಲ್ದಿರೋ ಮಿಷಿನ್ನಿಗೆ ಕಂಪ್ಲೇಂಟ್ ಕೊಡ್ತಾರಾ ಯಾರಾದ್ರೂ?"

"ಕೋಪ ಮಾಡ್ಕಬೇಡ. ಮೂರು ಕಂಪನಿಗೆ ಮಾಡಿದ್ದೆ. ಈ ಮಳೇಲಿ ಬಂದೋನು ನೀನೊಬ್ಬನೇ. ನಿಮ್ ಮಿಷಿನ್ನೇ ತಗೋತೀನಿ. ಇದೇನು ಹೆಗ್ಗದ್ದೆ ಮಿಷಿನ್ನೇ ತಾನೆ?"

ಹೆಗ್ಗದ್ದೆ ಮಿಷಿನ್ನು ಎಂದರೆ ಏನೆಂದು ಪಾಪ ಅವನಿಗೇನು ಗೊತ್ತು. ಬೈದುಕೊಂಡೇ ಹೊರಟ. ಹೊರಡುವಾಗ ಮಾವ ಅವನ ಬ್ಯಾಗಿಗೆ ಒಂದು ಪೊಟ್ಟಣ ಕಾಳುಮೆಣಸು ತುರುಕಿದರು.

ಅವನ ಬೈಕು ತಿರುವು ದಾಟುವುದನ್ನೇ ಕಾದು ನಾನು ಸಿಡಿದೆ. ಮಾವನ ಎದುರು ದನಿ ಎತ್ತಿದ್ದು ಅದೇ ಮೊದಲು. "ಮೊದಲ ದಿನವೇ ನಿಮ್ಮ ಮಗ ಇದನ್ನೇ ತೋರಿಸಿದ್ದರು. ಇಷ್ಟು ತಿಂಗಳು ನನ್ನ ಮಾನ ಊರೂರಲ್ಲಿ ಹರಾಜು ಹಾಕಿದಿರಿ. ಲೈನಿನವರು ನನಗೆ ಏನಂತಾರೆ ಗೊತ್ತಾ? ನಿಮ್ಮನ್ನು ಕಲ್ಲಿನ ಮುಂದೆ ಕೂರಿಸಿದವಳು ಅಂತಾರೆ. ಯಾಕೆ ಮಾವ ಇಷ್ಟೆಲ್ಲ?" ಎಂದು ಕೇಳಿದೆ.

ಮಾವ ಸಿಟ್ಟಾಗಲಿಲ್ಲ. ಸ್ಟೋರಿನ ಕಡೆ ಕೈ ತೋರಿಸಿದರು.

"ಆ ಗ್ರೈಂಡರು ಯಾರಿಗೆ ತಂದಿದ್ದು ಗೊತ್ತಾ? ನಿಮ್ಮತ್ತೆಗೆ. ಅವಳ ಕೈನೂ ಹಿಂಗೇ ಒಡೀತಿತ್ತು. ಅಂಗಡಿಯೋನು ಹೇಳಿದ ಅಂತ ಮಾರನೇ ದಿನವೇ ತಂದ್ಬುಟ್ಟೆ. ಮೊದಲ್ನೇ ಮಳೇಲೇ ಕೆಟ್ಟು ನಿಂತ್ಕಂತು. ಈ ಮೂಲೆಗೆ ಯಾವ ರಿಪೇರಿಯೋನೂ ಬರ್ಲಿಲ್ಲ. ಅವಳು ಒಂದ್ ಮಾತೂ ಅನ್ನದೆ ವಾಪಸ್ ರುಬ್ಬೋ ಕಲ್ಲಿನ ಮುಂದೆ ಕೂತ್ಲು. ಸಾಯೋಗಂಟ ಕೂತ್ಲು. ನಾನು ಮೋಟಾರು ರಿಪೇರಿ ಮಾಡಿಸ್ದೆ, ಜೀಪು ರಿಪೇರಿ ಮಾಡಿಸ್ದೆ. ಅದನ್ನ ಮಾಡಿಸ್ಲಿಲ್ಲ." ರಿಪೇರಿಯವನು ತಲೆ ಒರೆಸಿಕೊಂಡ ಟವೆಲನ್ನು ಹಿಂಡಿ ತಂತಿಗೆ ಹಾಕಿದರು. "ಮಿಷಿನ್ನು ತರೋದು ದೊಡ್ಡದಲ್ಲ ಕಣವ್ವ. ಕೆಟ್ಟ ದಿನ ಮತ್ತೆ ಕಲ್ಲಿನ ಮುಂದೆ ಕೂರೋಳು ನೀನು. ಅಂಗಡಿಯೋನಲ್ಲ, ನಾನೂ ಅಲ್ಲ."

ನನ್ನ ಸಿಟ್ಟು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಎಂದು ಇನ್ನೊಂದು ಸಿಟ್ಟು ಹುಟ್ಟಿತು. ರಿಪೇರಿಯವನು ಉಂಡ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಗೌರಿ ಹಬ್ಬಕ್ಕೆ ಮುಂಚೆ ಮಿಷಿನ್ನು ಬಂತು. ಜೋಡಿಸಲು ಬಂದವನು ಅದೇ ರಿಪೇರಿಯವನು. ಬಂದವನೇ "ಈ ಸಲ ಮಿಷಿನ್ನು ಐತೆ ತಾನೆ ಸಾರ್?" ಎಂದು ಬಾಗಿಲಲ್ಲೇ ಕೇಳಿದ. ಆವತ್ತಿನಿಂದ ಮಾವನಿಗೂ ಅವನಿಗೂ ನೆಂಟಸ್ತನ. ಹಲಸಿನಹಣ್ಣು ಉಳಿದಿದ್ದರೆ ಅವನಿಗೆ, ಕಿತ್ತಳೆ ಬಿಟ್ಟರೆ ಅವನಿಗೆ. ಸಕಲೇಶಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಗಂಟು ಕಳಿಸುವರು. ಹಬ್ಬಕ್ಕೆ ಮದುವೆಯಾಗಿ ಹೋದ ತಮ್ಮ ಮಗಳನ್ನು ಕರೆಯುವುದು ಮರೆತರೂ ಇವನನ್ನು ಮರೆಯುತ್ತಿರಲಿಲ್ಲ. "ಯಾಕೆ ಮಾವ, ಅವನಿಗೆ ಕಂಪನಿ ಸಂಬಳ ಕೊಡುತ್ತಲ್ಲ?" ಎಂದರೆ, "ಕಂಪನಿ ಫೋನ್ ಎತ್ತದಿದ್ರೂ ಅವನು ಎತ್ಬೇಕು" ಎನ್ನುವರು. ಹೋಗಲಿ, ಮಿಷಿನ್ನು ತಂದ ಮೇಲಾದರೂ ಅದರ ಪಾಡಿಗೆ ಅದನ್ನು ಬಿಟ್ಟರೇ? ಅದು ಓಡುವಷ್ಟು ಹೊತ್ತೂ ಎದುರಿಗೆ ಕುರ್ಚಿ ಹಾಕಿಕೊಂಡು, ಪೇಪರು ಮುಖಕ್ಕೆ ಹಿಡಿದು, ಕಿವಿಯನ್ನೆಲ್ಲ ಅದರ ಸದ್ದಿಗೆ ಕೊಟ್ಟು ಕೂತಿರುತ್ತಿದ್ದರು. ಅಡಿಗೆಮನೆಯಲ್ಲಿ ಅವರ ಕಾಲು ದಾಟಿಕೊಂಡೇ ನಾನು ಓಡಾಡಬೇಕು. ಇಷ್ಟೆಲ್ಲ ಮಾಡಿಸಿಕೊಂಡು ಬಂದ ಆ ಮಿಷಿನ್ನು ಇವತ್ತಿನವರೆಗೆ ಒಂದು ದಿನವೂ ಕೆಟ್ಟಿಲ್ಲ.

ಆ ಸಲದ ಕಾಫಿ ಕೊಯ್ಲು ಮುಗಿದು, ಕಾಫಿ ಗಿಡಗಳನ್ನು ಅರಳಿಸುವ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳಲ್ಲಿ ಮಾವ ಹೋದರು. ಬೆಳಿಗ್ಗೆ ಕಾಫಿ ಕುಡಿದು, ಲೋಟವನ್ನು ತಾವೇ ಮಿಷಿನ್ನಿನೊಳಗಿಟ್ಟು, ಜಗಲಿಯಲ್ಲಿ ಹೋಗಿ ಕೂತವರು ಕೂತ ಹಾಗೇ ಹೋಗಿದ್ದರು. ಹೋಗುವುದರಲ್ಲಿ ಮಾತ್ರ ಮೀನ ಮೇಷ ಎಣಿಸಲಿಲ್ಲ.

ಹನ್ನೊಂದನೇ ದಿನದ ತಿಥಿಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡಬೇಕು. ಕಡುಬಿಲ್ಲದೆ ಅವರ ಎಡೆ ಹೇಗಾದೀತು? ಹಿಂದಿನ ದಿನವೇ ನೆಂಟರು ಸೇರಿದ್ದರು. ಹೆಗ್ಗದ್ದೆಯ ಅತ್ತೆ ಬಂದು ಅಡಿಗೆಮನೆ ವಹಿಸಿಕೊಂಡಿದ್ದರು. ರಿಪೇರಿಯವನೂ ಯಾರೂ ಕರೆಯದೆ ಬಂದು ಚಪ್ಪರಕ್ಕೆ ಲೈಟು ಕಟ್ಟುತ್ತಿದ್ದ. ಅಟ್ಟದಿಂದ ದೊಡ್ಡ ಕಡುಬಿನ ಪಾತ್ರೆ ಇಳಿಸಿದೆವು. ನಮ್ಮತ್ತೆಯ ತಿಥಿಯ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲ. ಧೂಳು ಒರೆಸಿ ಬೆಳಕಿಗೆ ಹಿಡಿದೆ. ಒಳಗೆ ಕನ್ನಡಿ. ಕಂಠದ ಹೊರಗೆ, ಮಡಿಚಿದ ಅಂಚಿನ ಕೆಳಗೆ, ಸುತ್ತಲೂ ಒಣಗಿ ಗಟ್ಟಿಯಾದ ಬಿಳಿ ಗೆರೆ.

"ಇದು ಅಣ್ಣ ತೊಳ್ದಿರೋದೇ ಅಲ್ವಾ?" ಎಂದರು ಹೆಗ್ಗದ್ದೆಯ ಅತ್ತೆ. ಆಮೇಲೆ, "ನೀನು ಕೈ ಹಾಕ್ಬೇಡ ಕಣವ್ವ, ಕೊಡಿಲ್ಲಿ. ನಿನ್ ಕೈಗೆ ಆಗಲ್ಲ" ಎಂದು ಪಾತ್ರೆಗೆ ಕೈ ಚಾಚಿದರು. ನಾನು ಕೊಡಲಿಲ್ಲ.

ಪಾತ್ರೆಯನ್ನು ಹಿತ್ತಲಿಗೆ ಒಯ್ದೆ. ಮಾವನ ಮಣೆ ಗೋಡೆಗೆ ಒರಗಿಸಿದ ಹಾಗೇ ಇತ್ತು. ಅದನ್ನು ಹಾಕಿಕೊಂಡು ಕಲ್ಲಿನ ಮುಂದೆ ಕೂತೆ. ಎಷ್ಟೋ ಕಾಲದ ಮೇಲೆ ಅಲ್ಲಿ ಕೂತದ್ದು. ನೀರು ಹಾಕಿ ನೆನೆಸಿ, ಸೋಪು ಹಚ್ಚಿ, ಹೆಬ್ಬೆರಳನ್ನು ಅಂಚಿನ ಸಂದಿಗೆ ತೂರಿಸಿ ಉಜ್ಜಿದೆ. "ಎಷ್ಟು ಸಲ ಹೇಳಿದ್ದೆ ಮಾವ, ಕಂಠ ಉಜ್ಜಿ ಅಂತ" ಎಂದು ಗಟ್ಟಿಯಾಗಿಯೇ ಬೈದೆ. ಬೇಲಿಯಾಚೆ ಲೈನಿನ ಹೆಂಗಸರಿಗೆ ಕೇಳಿಸಿರಬೇಕು. ಬೈಯುತ್ತ ಬೈಯುತ್ತ ಸುತ್ತಲೂ ಉಜ್ಜಿದೆ, ಹಕ್ಕಳೆ ನೆಂದು ಚೂರುಚೂರಾಗಿ ಬಿಟ್ಟುಕೊಂಡು ಬಂತು. ಪಾತ್ರೆ ಜಾಲಿಸಿ ಬೋರಲು ಹಾಕಿ ಕೈ ನೋಡಿಕೊಂಡೆ. ಮೊಣಕೈ ತನಕ ಸೋಪಿನ ನೊರೆ. ಎಲ್ಲೂ ಉರಿಯುತ್ತಿರಲಿಲ್ಲ.